ಗೋಡೆಯ ಹೊರಗಿನ ಮಣ್ಣು

“ಗುರುಗಳೇ, ದೇವರಲ್ಲಿ ಭಕ್ತಿಯಿದ್ದವನು ಚರ್ಚಿನೊಡನೆ ಹಟ ಹಿಡಿಯಬಹುದೇ?” ಎಂದು ಶಿಷ್ಯ ಕೇಳಿದ.

ಶಿಷ್ಯ ಹೊಸದಾಗಿ ಪಾದ್ರಿಯಾಗಿದ್ದ. ಅವನ ಚರ್ಚಿಗೆ ಸೇರಿದ ವೃದ್ಧ ವಕೀಲರೊಬ್ಬರು ಅಂದು ಬೆಳಿಗ್ಗೆ ತೀರಿಕೊಂಡಿದ್ದರು. ತೊಂಬತ್ತು ದಾಟಿದ ಜೀವ. ಒಂದು ದಿನವೂ ಪೂಜೆ ತಪ್ಪಿಸಿದವರಲ್ಲ. ಈಗ ಅವರ ಹೆಂಡತಿ ಮಕ್ಕಳು ಬಂದು, ಅವರನ್ನು ಚರ್ಚಿನ ಸ್ಮಶಾನದಲ್ಲಿ ಹೂಳುವುದು ಬೇಡ, ಸ್ಮಶಾನದ ಗೋಡೆಯ ಹೊರಗೆ ಹೂಳಬೇಕು, ಅದು ಅವರ ಕೊನೆಯ ಮಾತು ಎಂದು ಪಟ್ಟು ಹಿಡಿದಿದ್ದರು. “ಅಗೆಯುವವರಿಗೆ ನಾವೇ ಹೇಳಿದ್ದೇವೆ, ಫಾದರ್. ನೀವು ಬಂದರೆ ಸಾಕು,” ಎಂದು ಮುದುಕಿ ಹೇಳಿ ಹೋಗಿದ್ದಳು. ಶಿಷ್ಯನಿಗೆ ದಾರಿ ಕಾಣಲಿಲ್ಲ. ತನಗೆ ಪಾಠ ಹೇಳಿದ ಗುರುಗಳ ಬಳಿಗೆ ಬಂದಿದ್ದ.

“ನೀನು ಆ ಊರಿಗೆ ಹೊಸಬ. ಆ ವಕೀಲನ ಕತೆ ಕೇಳು,” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ವಕೀಲನಿದ್ದ. ಅವನಿಗೆ ಮೊದಲ ಮಗು ಹುಟ್ಟಿತು. ಹೆಣ್ಣು ಮಗು. ಹುಟ್ಟುವಾಗಲೇ ಉಸಿರು ಸಣ್ಣಗಿತ್ತು. ವಕೀಲ ಕೋರ್ಟಿನಲ್ಲಿದ್ದ. ಪಾದ್ರಿಯನ್ನು ಕರೆಸಿ ಜ್ಞಾನಸ್ನಾನ ಕೊಡಿಸುವಷ್ಟು ಹೊತ್ತಿರಲಿಲ್ಲ. ಬಾಣಂತಿ ಸೂಲಗಿತ್ತಿಗೆ, “ನೀನೇ ಮಗುವಿನ ತಲೆಗೆ ನೀರು ಹೊಯ್ಯಿ, ನಾನು ಹೇಳಿಕೊಟ್ಟ ಹಾಗೆ ಹೇಳು,” ಎಂದಳು. ಸೂಲಗಿತ್ತಿ ಕ್ರೈಸ್ತಳಲ್ಲ. ಆದರೂ ನೀರು ಹೊಯ್ದಳು, ಹೇಳಿದಳು. ಅಷ್ಟರಲ್ಲಿ ತಾಯಿಗೆ ಎಚ್ಚರ ತಪ್ಪಿತ್ತು. ಮಗು ಉಳಿಯಲಿಲ್ಲ.

ವಕೀಲ ಮನೆಗೆ ಓಡಿ ಬಂದ. ಸೂಲಗಿತ್ತಿಯನ್ನು ಕೂರಿಸಿ, “ಏನೆಂದು ಹೇಳಿದೆ, ತಾಯಿ?” ಎಂದು ಕೇಳಿದ.

“ಅಮ್ಮ ಹೇಳಿಕೊಟ್ಟದ್ದನ್ನೇ ಹೇಳಿದೆ, ಒಡೆಯಾ. ಪಿತ, ಸುತ, ಪವಿತ್ರಾತ್ಮ ಅಂತ. ನಡುವೆ ನಮ್ಮ ದೇವರ ಹೆಸರು ಬಾಯಿಗೆ ಬಂತು. ನುಂಗಿಕೊಂಡೆ.”

ವಕೀಲನಿಗೆ ಅಷ್ಟು ಸಾಕಾಯಿತು. ಪಾದ್ರಿಗೆ ಸಾಕಾಗಲಿಲ್ಲ. ಜ್ಞಾನಸ್ನಾನವಾಗದ ಮಕ್ಕಳನ್ನು ಗೋಡೆಯ ಹೊರಗಿನ, ಆಶೀರ್ವಾದವಿಲ್ಲದ ಮಣ್ಣಿನಲ್ಲಿ ಹೂಳುವುದು ಆ ಕಾಲದ ಕಟ್ಟಳೆ. ಈ ಮಗುವೂ ಅಲ್ಲಿಗೇ ಎಂದು ಪಾದ್ರಿ ಹೇಳಿದ.

“ಪ್ರಾಣ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂದು ನಮಗೆ ಕಲಿಸಿದವರು ನೀವೇ,” ಎಂದ ವಕೀಲ.

“ಕೊಡಬಹುದು. ಆದರೆ ಅವಳು ಸರಿಯಾಗಿ ಕೊಟ್ಟಳೆಂದು ಹೇಗೆ ನಂಬಲಿ? ನನಗೆ ಸಂಶಯವಿದೆ.”

“ಸಂಶಯದ ಲಾಭ ಆರೋಪಿಗೆ ಸಲ್ಲಬೇಕು, ಫಾದರ್. ಇಲ್ಲಿ ಆರೋಪಿಯ ವಯಸ್ಸು ಅರ್ಧ ಗಂಟೆ.”

“ಇದು ನಿಮ್ಮ ಕೋರ್ಟಲ್ಲ, ವಕೀಲರೇ.”

“ಅಲ್ಲ. ಕೋರ್ಟಾಗಿದ್ದರೆ ಸಾಕ್ಷಿಯನ್ನು ಕರೆದು ಕೇಳುತ್ತಿದ್ದರು.”

ಪಾದ್ರಿ ಸೂಲಗಿತ್ತಿಯನ್ನು ಕರೆಯಲಿಲ್ಲ. ಮಗುವನ್ನು ಗೋಡೆಯ ಹೊರಗೆ ಹೂಳಿದರು. ವಕೀಲ ಬಿಷಪ್ಪರವರೆಗೆ ಹೋದ. ಅಲ್ಲಿ ಸಾಂತ್ವನ ಸಿಕ್ಕಿತು, ತೀರ್ಪು ಸಿಗಲಿಲ್ಲ.

ಹೆಂಡತಿ, “ಇನ್ನು ಆ ಬಾಗಿಲಲ್ಲಿ ನಾನು ಕಾಲಿಡುವುದಿಲ್ಲ,” ಎಂದಳು.

“ಇಡೋಣ. ಬಾಗಿಲು ಪಾದ್ರಿಯದ್ದಲ್ಲ,” ಎಂದ ವಕೀಲ.

ಅಂದಿನಿಂದ ಅವನು ಒಂದು ಪೂಜೆಯನ್ನೂ ತಪ್ಪಿಸಲಿಲ್ಲ. ಭಾನುವಾರ ಪೂಜೆ ಮುಗಿದೊಡನೆ ಎಲ್ಲರೂ ನೋಡುವ ಹಾಗೆ ಹೆಂಡತಿಯ ಕೈ ಹಿಡಿದು, ಗೋಡೆ ಸುತ್ತಿ ಹೊರಗೆ ಹೋಗಿ, ಮುಳ್ಳುಗಿಡಗಳ ನಡುವೆ ಮೊಣಕಾಲೂರುತ್ತಿದ್ದ. “ವಕೀಲರ ಒಳಗಿನ ಪೂಜೆ ಆಯಿತು, ಇನ್ನು ಹೊರಗಿನದ್ದು,” ಎಂದು ಜನ ನಕ್ಕರು. ಅವನು ತಿರುಗಿ ನೋಡಲಿಲ್ಲ. ಮುಂದೆ ಹುಟ್ಟಿದ ಮಕ್ಕಳೆಲ್ಲರಿಗೂ ಅದೇ ಚರ್ಚಿನಲ್ಲಿ ಜ್ಞಾನಸ್ನಾನವಾಯಿತು. ಒಬ್ಬೊಬ್ಬರನ್ನೂ ಹೊಸ ಅಂಗಿಯಲ್ಲೇ ಎತ್ತಿಕೊಂಡು ಹೊರಗೆ ಹೋಗಿ, “ಇವಳು ನಿನ್ನ ಅಕ್ಕ,” ಎಂದು ನೆಲ ತೋರಿಸಿದ. ಮದುವೆಯ ದಿನ ಹೆಣ್ಣುಮಕ್ಕಳು ಬಿಳಿ ಸೀರೆಯ ಅಂಚಿಗೆ ಮುಳ್ಳು ಸಿಕ್ಕಿಸಿಕೊಂಡು ಅಲ್ಲಿಗೆ ಹೋಗಿ ಬಂದರು. ಅಳಿಯಂದಿರು ಮಾವನ ಮುಖ ನೋಡಿದರು. ವಕೀಲ ಯಾರಿಗೂ ವಿವರಣೆ ಕೊಡಲಿಲ್ಲ.

ಪಾದ್ರಿಗಳು ಬದಲಾದರು. ಕಟ್ಟಳೆಯೂ ಸಡಿಲವಾಯಿತು. ಒಬ್ಬ ಪಾದ್ರಿ ಮನೆಗೇ ಬಂದು, “ಆದದ್ದು ಆಗಿಹೋಯಿತು. ಮಗುವನ್ನು ತೆಗೆದು ಒಳಗೆ ಹೂಳೋಣ,” ಎಂದ. ಒಳ್ಳೆಯ ಮನುಷ್ಯ. ಮನಸಾರೆ ಹೇಳಿದ್ದ.

ವಕೀಲ ಒಪ್ಪಲಿಲ್ಲ. “ತಪ್ಪು ಮಾಡದವಳು ಯಾಕೆ ಜಾಗ ಬದಲಿಸಬೇಕು? ಅವಳು ಇರುವಲ್ಲಿಗೇ ನೀವು ಬನ್ನಿ. ಆ ಮಣ್ಣನ್ನು ಆಶೀರ್ವದಿಸಿ.”

“ಹಾಗೆ ಮಾಡಿದರೆ ಹಿಂದಿನವರು ತಪ್ಪಿದರೆಂದು ಊರಿನ ಮುಂದೆ ಒಪ್ಪಿಕೊಂಡಂತಾಗುತ್ತದಲ್ಲ.”

“ಹೌದು,” ಎಂದು ವಕೀಲ ನಕ್ಕ. ಪಾದ್ರಿ ಕಾಫಿ ಕುಡಿದು ಎದ್ದುಹೋದ.

ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ವಕೀಲನೂ ಗೋಡೆ ಸುತ್ತುವುದನ್ನು ಬಿಡಲಿಲ್ಲ. ಕಾಲು ನಡೆಯದಾದಾಗ ಮಕ್ಕಳು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಹಾಸಿಗೆ ಹಿಡಿದ ಮೇಲೆ ಎಲ್ಲರನ್ನೂ ಕರೆದು ಹೇಳಿದ: “ನನಗೆಂದು ಬೇರೆ ಗುಂಡಿ ತೋಡಬೇಡಿ. ಅವಳದ್ದನ್ನೇ ಅಗಲ ಮಾಡಿ.”

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, “ಮಗಳ ಮೇಲಿನ ಪ್ರೀತಿ ಅರ್ಥವಾಯಿತು, ಗುರುಗಳೇ. ಆದರೂ ಇಂಥ ಭಕ್ತನನ್ನು ಪವಿತ್ರವಾಗದ ಮಣ್ಣಿಗೆ ಹೇಗೆ ಹಾಕಲಿ?” ಎಂದ.

“ಜ್ಞಾನಸ್ನಾನವಾದವನನ್ನು ಅಂಥ ಮಣ್ಣಿನಲ್ಲಿ ಹೂಳಬೇಕಾಗಿ ಬಂದರೆ ಪಾದ್ರಿ ಮೊದಲು ಏನು ಮಾಡಬೇಕು? ನಾನೇ ನಿನಗೆ ಕಲಿಸಿದ್ದೆ.”

“ಆ ಗುಂಡಿಯನ್ನು, ಅದರ ಮಣ್ಣನ್ನು ಆಶೀರ್ವದಿಸಬೇಕು,” ಎಂದ ಶಿಷ್ಯ. ಹೇಳಿ ಮುಗಿಸಿದವನು ಎದ್ದು ನಿಂತ.

“ಅವನು ಬದುಕಿಡೀ ಕೇಳಿದ್ದು ಅಷ್ಟೇ,” ಎಂದರು ಗುರುಗಳು.