ಒಂದು ಸೈಜು ದೊಡ್ಡ ಸೈಕಲ್

ತೇರದಾಳದ ಶಿಂಪಿ ರಾಚಪ್ಪನಿಗೆ ಒಂದು ವ್ರತವಿತ್ತು. ಬೆಳೆಯುವ ಮಕ್ಕಳ ಬಟ್ಟೆಯನ್ನು ಅವನು ಎಂದೂ ಸರಿಯಾದ ಅಳತೆಗೆ ಹೊಲಿಯುತ್ತಿರಲಿಲ್ಲ. ಒಂದು ಸೈಜು ದೊಡ್ಡದಾಗಿ ಕತ್ತರಿಸಿ, ಮಿಕ್ಕ ಬಟ್ಟೆಯನ್ನು ಒಳಗೆ ಮಡಚಿ ಹೊಲಿಗೆ ಹಾಕುತ್ತಿದ್ದ. ಮಗು ಬೆಳೆದಂತೆ ಹೊಲಿಗೆ ಬಿಚ್ಚಿದರಾಯಿತು, ಒಂದೇ ಯೂನಿಫಾರ್ಮು ಮೂರು ವರ್ಷ ಬರುತ್ತದೆ. ಊರಿನ ತಾಯಂದಿರು ಇದಕ್ಕಾಗಿ ಅವನನ್ನು ಹರಸುತ್ತಿದ್ದರು. ಮಕ್ಕಳು ಮಾತ್ರ ಮೊದಲ ವರ್ಷವೆಲ್ಲ ಜೋಳದ ಚೀಲದೊಳಗೆ ನಿಂತ ಹಾಗೆ ಕಾಣುತ್ತಿದ್ದರು. ಇರಲಿ, ಮಕ್ಕಳನ್ನು ಕೇಳುವವರು ಯಾರು?

ರಾಚಪ್ಪನ ಮಗಳು ನೀಲಾಂಬಿಕಾ. ಮನೆಯಲ್ಲಿ ಎಲ್ಲರಿಗೂ ನೀಲವ್ವ. ಹದಿನೈದು ವರ್ಷದ ಹುಡುಗಿ, ಆಳು ಗಿಡ್ಡ, ಕಾಲಿನಲ್ಲಿ ಮಾತ್ರ ಎತ್ತಿನ ಬಲ. ಆ ಸೀಮೆಯಲ್ಲಿ ಸೈಕಲ್ ರೇಸೆಂದರೆ ಕುಸ್ತಿಯಷ್ಟೇ ಹುಚ್ಚು. ಹಂಚಿನಾಳ ಸರ್ ಎಂಬ ಕೋಚು ತಮ್ಮ ಕ್ಲಬ್ಬಿನ ರೇಸ್ ಸೈಕಲೊಂದನ್ನು ಅವಳಿಗೆ ಓಡಿಸಲು ಕೊಟ್ಟಿದ್ದರು. ಆದರೆ ಅದು ಹೊಸದಾಗಿ ಕಲಿಯುವವರ ಸೈಕಲ್, ಇನ್ನೊಬ್ಬಳಿಗೆ ಬಿಟ್ಟುಕೊಡಬೇಕಾದ ಹೊತ್ತು ಬಂದಿತ್ತು. ಚಳಿಗಾಲಕ್ಕೆ ಜಿಲ್ಲಾ ಆಯ್ಕೆಯ ರೇಸು. ಅಲ್ಲಿ ಮೊದಲ ನಾಲ್ವರು ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಸೈಕಲ್ ಇಲ್ಲದವರು ಮನೆಗೆ ಹೋಗುತ್ತಾರೆ.

ರಾಚಪ್ಪನೂ ಅವನ ಹೆಂಡತಿ ಬಂಗಾರೆವ್ವನೂ ಭಿಶಿ ಚೀಟಿ ಎತ್ತಿ ಅರವತ್ತು ಸಾವಿರ ಕೂಡಿಸಿದರು. ಅದರ ಮೇಲೆ ಒಂದು ರೂಪಾಯಿ ಹುಟ್ಟುವಂತಿರಲಿಲ್ಲ. ಅಪ್ಪ ಮಗಳು ಬಸ್ಸು ಹತ್ತಿ ಬೆಳಗಾವಿಗೆ ಹೋದರು.

ಅಂಗಡಿಯಲ್ಲಿ ಅವರ ದುಡ್ಡಿಗೆ ಎಟುಕುವ ಸೈಕಲ್‌ಗಳು ಎರಡೇ. ಒಂದು ನೀಲಿ. ಸಾಧಾರಣ ಅಲ್ಯುಮಿನಿಯಂ, ಸಾಧಾರಣ ಗೇರು. ಅದನ್ನು ಕೊಂಡರೆ ಹೆಲ್ಮೆಟ್ಟಿಗೂ ಬೂಟಿಗೂ ದುಡ್ಡು ಉಳಿಯುತ್ತಿತ್ತು. ಇನ್ನೊಂದು ಕೆಂಪು. ಮುಂದಿನ ಫೋರ್ಕು ಕಾರ್ಬನ್ನಿನದು, ಗೇರು ಬೆಣ್ಣೆಯ ಹಾಗೆ ಜಾರುತ್ತಿತ್ತು. ಹೋದ ವರ್ಷದ ಮಾಲಾದ್ದರಿಂದ ಬೆಲೆ ಇಳಿದು ಸರಿಯಾಗಿ ಅರವತ್ತಕ್ಕೆ ಬಂದು ನಿಂತಿತ್ತು.

ಅಂಗಡಿಯ ಮಾಲೀಕ ಪೋತದಾರ ಮುಚ್ಚುಮರೆಯಿಲ್ಲದ ಮನುಷ್ಯ. "ಮಾಲೇನೋ ಭಾರೀ ಛಲೋ ಅದರಿ. ಆದ್ರ ನಿಮ್ಮ ಹುಡುಗಿಗೆ ಒಂದ್ ಸೈಜ್ ದೊಡ್ಡದಾಗ್ತದ. ಈ ಸೈಜ್ ಯಾರೂ ಒಯ್ಯಲಿಲ್ಲ, ಅದಕ್ಕ ರೇಟ್ ಇಳಿಸೇವಿ" ಅಂದ.

ರಾಚಪ್ಪ ನಕ್ಕುಬಿಟ್ಟ. "ದೊಡ್ಡದಾದ್ರ ಏನಾತ್ರಿ? ಬೆಳಿಯೋ ಹುಡುಗಿ. ಎರಡ್ ವರ್ಷದಾಗ ತಾನ ಸರಿ ಹೋಗ್ತೈತಿ."

ಅಷ್ಟರಲ್ಲಿ ನೀಲವ್ವ ನೀಲಿ ಸೈಕಲ್ ಹತ್ತಿ ನೋಡಿದ್ದಳು. ಕೈ ತಾನಾಗಿ ಬ್ರೇಕಿನ ಮೇಲೆ ಹೋಗಿ ಕುಳಿತಿತ್ತು. 'ಇದೇ ಇರಲಿ' ಎನ್ನಬೇಕೆಂದು ಅಪ್ಪನ ಕಡೆ ತಿರುಗಿದಳು. ಅಪ್ಪ ಕೆಂಪು ಸೈಕಲನ್ನು ಎರಡು ಬೆರಳಿನಿಂದ ಸವರುತ್ತಿದ್ದ. ಮದುವೆಯ ಸೀರೆ ಕೈಗೆ ಬಂದಾಗ ಅವನು ಹಾಗೆ ಸವರುತ್ತಿದ್ದ.

"ಯಾವದ ಬೇಕವ್ವಾ?" ಎಂದು ಅವನು ಕೇಳಿದ್ದೇನೋ ನಿಜ. ಆದರೆ ಬೆರಳು ಕೆಂಪನ್ನು ಬಿಡಲಿಲ್ಲ.

"ನಿನಗ ಯಾವದ ಛಲೋ ಅನಸ್ತೈತಿ ಅದ ಇರ್ಲಿ, ಯಪ್ಪಾ" ಅಂದಳು ಮಗಳು.

ಎಡವಟ್ಟಾದದ್ದು ಅಲ್ಲೇ. ಅಪ್ಪ ಕೇಳಿದ ಶಾಸ್ತ್ರ ಮಾಡಿದ, ಮಗಳು ಹೇಳಿದ ಶಾಸ್ತ್ರ ಮಾಡಿದಳು. ಇಬ್ಬರೂ ಮಾಡಿದ್ದು ಪ್ರೀತಿಯಿಂದಲೇ, ಅದಕ್ಕೇ ಇಬ್ಬರನ್ನೂ ಬೈಯಲು ನನಗೆ ಬಾಯಿ ಬರುವುದಿಲ್ಲ.

ಕೆಂಪು ಸೈಕಲ್ ಊರಿಗೆ ಬಂತು. ಬಂಗಾರೆವ್ವ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದಳು. ಓಣಿಯ ಮಂದಿ ಬಂದು ಎತ್ತಿ ನೋಡಿ, "ಹೂವಿನಂಗ ಹಗರ ಐತಲ್ಲೋ ರಾಚಪ್ಪಾ!" ಎಂದು ಬೆರಗಾದರು. ರಾಚಪ್ಪ ಅಂದು ಒಂದು ಅಂಗಿಗೂ ಗುಂಡಿ ಹಚ್ಚಲಿಲ್ಲ, ಬಂದವರಿಗೆ ಚಹಾ ಹೇಳುವುದೇ ಕೆಲಸವಾಯಿತು.

ಹಂಚಿನಾಳ ಸರ್ ಸೀಟು ಇಳಿಸಿದರು, ಮುಂದೆ ಸರಿಸಿದರು, ಹ್ಯಾಂಡಲ್ಲನ್ನು ಆದಷ್ಟು ಹತ್ತಿರ ತಂದರು. ಕೊನೆಗೆ ತಲೆ ಅಲ್ಲಾಡಿಸಿ, "ಇನ್ನ ನನ್ನ ಕೈಲಿ ಆಗೂದಿಲ್ಲವ್ವಾ. ಅಪ್ಪಗ ಹೇಳು" ಅಂದರು.

ನೀಲವ್ವ ಹೇಳಲಿಲ್ಲ. ಹ್ಯಾಂಡಲ್ ದೂರ, ಮೈಯನ್ನು ಎಳೆದು ಹಿಡಿದೇ ಓಡಿಸಬೇಕು. ಇಪ್ಪತ್ತು ಮೈಲಿ ಹೋಗುವುದರೊಳಗೆ ಕುತ್ತಿಗೆ ಕಲ್ಲಾಗುತ್ತಿತ್ತು, ಅಂಗೈ ಜೋಮು ಹಿಡಿಯುತ್ತಿತ್ತು. ಮೊದಲು ಹಿಂದೆ ಬಿದ್ದಿದ್ದ ಹುಡುಗಿಯರು ಈಗ ಮುಂದೆ ಹೋಗತೊಡಗಿದರು. ಸಂಜೆ ಅಪ್ಪ ಮಷಿನ್ ನಿಲ್ಲಿಸಿ, "ಹೆಂಗೈತವ್ವಾ ನಮ್ಮ ಕೆಂಪ ಕುದುರಿ?" ಎಂದು ಕೇಳುತ್ತಿದ್ದ. "ಭಾರೀ ಐತಿ ಯಪ್ಪಾ" ಎಂದು ಮಗಳು ನಗುತ್ತಿದ್ದಳು. ಭಿಶಿ ಎತ್ತಿ ತಂದ ಸೈಕಲ್ಲಿನಲ್ಲಿ ಕೊಂಕು ತೆಗೆಯಲು ಯಾವ ಮಗಳಿಗೆ ಮನಸ್ಸು ಬರುತ್ತದೆ ಹೇಳಿ!

ರಾಚಪ್ಪನ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು. ಅವನ ಸೂಜಿಗೆ ದಾರ ಪೋಣಿಸುವುದು ನೀಲವ್ವನ ಕೆಲಸ. ಅವಳು ಹಾಕಿದರೆ ಒಂದೇ ಸಲಕ್ಕೆ ಹೋಗುತ್ತಿತ್ತು. ಒಂದು ಸಂಜೆ ದಾರ ಹೋಗಲಿಲ್ಲ. ತುದಿ ಒದ್ದೆ ಮಾಡಿ ಮತ್ತೆ ಹಾಕಿದಳು, ಆಗಲೂ ಹೋಗಲಿಲ್ಲ. ಆಮೇಲೆ ಸೂಜಿಯೇ ಕೈ ಜಾರಿ ನೆಲಕ್ಕೆ ಬಿತ್ತು. ಬಿದ್ದದ್ದು ಅವಳ ಬೆರಳಿಗೆ ಗೊತ್ತೇ ಆಗಲಿಲ್ಲ.

"ಯಾಕವ್ವಾ, ಬೆರಳಿಗೇನಾತು?"

"ಏನಿಲ್ಲ ಯಪ್ಪಾ" ಎನ್ನಲು ಹೋಗಿ ನೀಲವ್ವ ಅತ್ತುಬಿಟ್ಟಳು.

ರಾಚಪ್ಪ ಅವಳನ್ನು ಅಂಗಳಕ್ಕೆ ಕರೆದೊಯ್ದು, ಸೈಕಲನ್ನು ಗೋಡೆಗೆ ಆನಿಸಿ ಹಿಡಿದು, "ಹತ್ತು" ಅಂದ. ಹತ್ತಿದಳು. ಆಗ ಅವನು ಮೊದಲ ಸಲ ಸೈಕಲನ್ನು ನೋಡುವುದು ಬಿಟ್ಟು ಮಗಳನ್ನು ನೋಡಿದ. ಹೆಗಲು ಕಿವಿಗೆ ಹತ್ತಿತ್ತು. ಮೊಣಕೈ ಕೋಲಿನ ಹಾಗೆ ನೆಟ್ಟಗಾಗಿತ್ತು. ಬೆನ್ನು ಪಾಪ, ಹರಿಯುವ ಹೊಲಿಗೆಯ ಹಾಗೆ ಬಿಗಿದಿತ್ತು.

"ಊರ ಮಂದಿ ಅಳತಿ ಎಲ್ಲಾ ತಗೊಂಡೆ, ಮನಿ ಮಗಳದ ತಗೊಳ್ಳಲಿಲ್ಲಲ್ಲೋ ಶಿವನೇ!" ಎಂದು ಹಣೆ ಚಚ್ಚಿಕೊಂಡ. "ಕಬ್ಬಿಣಕ್ಕೇನ ಹೊಲಿಗಿ ಇರ್ತೈತಿ ಬಿಚ್ಚಾಕ? ಆದ್ರ ನೀನರ ಯಾಕ ಹೇಳಲಿಲ್ಲ?"

"ನೀ ಅಷ್ಟ ಖುಷಿಲೆ ತಂದಿದ್ದಿ. ಹೇಳಿದ್ರ ನಿನ್ನ ಮಾರಿ ಸಣ್ಣದಾಗ್ತಿತ್ತು."

"ನನ್ನ ಮಾರಿ ಸಣ್ಣದಾದ್ರ ನಾಳಿ ದೊಡ್ಡದಾಗ್ತಿತ್ತು, ಹುಚ್ಚಿ. ನಿನ್ನ ಕೈ ಹೋದ್ರ ಎಲ್ಲಿಂದ ತರ್ಲಿ?"

ಮರುದಿನ ರಾಚಪ್ಪ ಪೋತದಾರನಿಗೆ ಫೋನು ಮಾಡಿದ. ಓಡಿಸಿದ ಮಾಲು, ಅರ್ಧ ಬೆಲೆಯೂ ಬರುವಂತಿರಲಿಲ್ಲ. ಹಂಚಿನಾಳ ಸರ್ ಇನ್ನೊಂದು ದಾರಿ ತೋರಿಸಿದರು. ಜಮಖಂಡಿಯ ಶಹನಾಜ್ ಎಂಬ ಹುಡುಗಿ ಒಂದೇ ವರ್ಷದಲ್ಲಿ ಉದ್ದಕ್ಕೆ ಬೆಳೆದಿದ್ದಳು, ಅವಳ ನೀಲಿ ಸೈಕಲ್ ಅವಳಿಗೆ ಸಣ್ಣದಾಗಿತ್ತು. ಅಂದು ಅಂಗಡಿಯಲ್ಲಿ ಕಂಡ ಜಾತಿಯದೇ, ಎರಡು ವರ್ಷ ಹಳೆಯದು. ಕೆಂಪನ್ನು ಕೊಟ್ಟರೆ ಆ ನೀಲಿಯನ್ನೂ ಮೇಲೆ ಒಂದಿಷ್ಟು ದುಡ್ಡನ್ನೂ ಕೊಡಲು ಅವಳ ಮನೆಯವರು ಸಿದ್ಧರಿದ್ದರು.

ತೊಡಕು ಒಂದೇ. ಶಹನಾಜ್ ಕೂಡ ಅದೇ ಆಯ್ಕೆಯ ರೇಸಿಗೆ ಇಳಿಯುವವಳು. ಸಣ್ಣ ಸೈಕಲ್ ಮೇಲೆ ಮೊಣಕಾಲು ಮುದುಡಿಕೊಂಡು ಓಡಿಸಿಯೂ ನೀಲವ್ವನ ಸರಿಸಮ ಬರುವವಳು.

ಓಣಿಯವರು ಸುಮ್ಮನಿರುತ್ತಾರೆಯೇ? "ನಿನ್ನ ಕೈಯಾರೆ ಅವಳ ಕೈಯಾಗ ಕತ್ತಿ ಕೊಡತಿಯೇನೋ?" ಅಂದರು. ರಾಚಪ್ಪನ ಎದೆ ಅಳುಕಿತು. ಇದ್ದದ್ದನ್ನೇ ಹೇಗೋ ಸಾಗಿಸಿದರೆ, ಶಹನಾಜಳೂ ಸಣ್ಣ ಸೈಕಲ್ಲಿನಲ್ಲೇ ಒದ್ದಾಡಿದರೆ, ಮಗಳಿಗೆ ಲಾಭವಲ್ಲವೇ? ಹೀಗೆಲ್ಲ ಯೋಚಿಸಿ, ಈ ಸಲ ಅವನು ಮಗಳ ಎದುರಿಗೆ ಕುಳಿತು ಕೇಳಿದ. ಕೇಳಿ, ಉತ್ತರ ಬರುವವರೆಗೂ ಕಾದ.

ನೀಲವ್ವ ಈ ಸಲ ಅಪ್ಪನ ಮುಖ ನೋಡಿ ಉತ್ತರ ಹೇಳಲಿಲ್ಲ. "ಕೊಟ್ಟಬಿಡು ಯಪ್ಪಾ. ಆಕಿ ಮುಂದ ಹೋದ್ರ ಹೋಗ್ಲಿ. ನನಗ ಓಡಸೂದರ ಆಗ್ಬೇಕಲ್ಲ?"

ಸೈಕಲ್‌ಗಳು ಕೈ ಬದಲಾದವು. ಮೇಲೆ ಬಂದ ದುಡ್ಡಿನಲ್ಲಿ ಹೆಲ್ಮೆಟ್ಟೂ ಬೂಟೂ ಬಂದವು.

ರೇಸಿನ ಬೆಳಿಗ್ಗೆ ರಾಚಪ್ಪ ಮತ್ತು ಬಂಗಾರೆವ್ವ ರೇಸು ಮುಗಿಯುವ ಗೆರೆಯ ಹತ್ತಿರ, ರಸ್ತೆಯ ಅಂಚಿಗೆ ನಿಂತಿದ್ದರು. ದೂರದ ತಿರುವಿನಲ್ಲಿ ಮೊದಲು ಕಂಡದ್ದು ಕೆಂಪು ಸೈಕಲ್. ರಾಚಪ್ಪ ಎಲ್ಲ ಮರೆತು, "ಬಂತು, ನಮ್ಮದ ಬಂತು!" ಎಂದು ಕುಣಿದ. ಹತ್ತಿರ ಬಂದಾಗ ಅದರ ಮೇಲೆ ಶಹನಾಜ್ ಇದ್ದಳು. ಗಾಳಿಯಂತೆ ಗೆರೆ ದಾಟಿದಳು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ರಾಚಪ್ಪ ಚಪ್ಪಾಳೆ ಹೊಡೆದ. ಹೊಟ್ಟೆಯಲ್ಲಿ ಕಿಚ್ಚು ಹತ್ತಲಿಲ್ಲ ಎಂದರೆ ಸುಳ್ಳಾಗುತ್ತದೆ, ಹತ್ತಿತು.

ಅವಳ ಹಿಂದೆ ಇಬ್ಬರು ಬಂದರು. ಆಮೇಲೆ ಹಳೆಯ ನೀಲಿ ಸೈಕಲ್ ಬಂತು. ನೀಲವ್ವ ಹ್ಯಾಂಡಲ್ ಮೇಲೆ ಬಾಗಿ ತುಳಿಯುತ್ತಿದ್ದಳು, ಹಿಂದೆ ಒಬ್ಬಳು ಬೆನ್ನು ಹತ್ತಿದ್ದಳು. ಗೆರೆ ಇನ್ನು ಸ್ವಲ್ಪವೇ ದೂರವಿರುವಾಗ ನೀಲವ್ವ ಪೆಡಲ್ ಮೇಲೆ ಎದ್ದು ನಿಂತು ತುಳಿದಳು. ಹಿಂದಿನವಳು ಹಿಂದೆಯೇ ಉಳಿದಳು.

ನಾಲ್ಕನೆಯ ಸ್ಥಾನ. ರಾಜ್ಯಮಟ್ಟಕ್ಕೆ ಹೋಗುವ ಕೊನೆಯ ಹೆಸರು ಅವಳದು.

ಬಂಗಾರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ತಾಯಿಯ ಜೀವ ತಡೆಯಲಿಲ್ಲ. "ನಮ್ಮ ಕೆಂಪ ಸೈಕಲ್ ಮೊದಲ ಬಂತಲ್ರೀ..." ಅಂದಳು.

"ಬರ್ಲಿ ಬಿಡ" ಅಂದ ರಾಚಪ್ಪ. "ನಮ್ಮ ಹುಡುಗಿ ನಗಕೋತ ಬಂದ್ಲು, ನೋಡಲಿಲ್ಲೇನು?"

ನೀತಿ: ದುಡ್ಡು ಇಷ್ಟೇ ಎಂದಿರುವಾಗ, ಆ ದುಡ್ಡಿಗೆ ಸಿಗುವ ದೊಡ್ಡ ವಸ್ತುವಿಗಿಂತ ಬಳಸುವವರಿಗೆ ಹೊಂದುವ ವಸ್ತುವೇ ಮೇಲು. ಕೊಡುವವರು ಕೇಳಿ ಕೊಡಬೇಕು, ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು. ಪಡೆಯುವವರು ನೋವಾದರೆ ಬಾಯಿಬಿಟ್ಟು ಹೇಳಬೇಕು. ಪ್ರೀತಿಗಾಗಿ ಮುಚ್ಚಿಟ್ಟ ನೋವು ಕೊನೆಗೆ ನೋಯಿಸುವುದು ಪ್ರೀತಿಸುವವರನ್ನೇ.