ಹಿರೇಮಡುವಿನ ಮೂಕಿಬಂಡೆ

ಹಿರೇಮಡುವಿಗೆ ರಸ್ತೆಯಿಲ್ಲ. ಮೂರು ಕಡೆ ಗುಡ್ಡ, ಒಂದು ಕಡೆ ನೀರು. ಗುಡ್ಡ ಎಷ್ಟು ಕಡಿದೆಂದರೆ ಮೇಕೆಯೂ ಯೋಚಿಸಿ ಕಾಲಿಡುತ್ತದೆ. ರಸ್ತೆ ಮಾಡುತ್ತೇವೆಂದು ಅಳತೆಗೆ ಬಂದವರು ಒಂದು ಮಳೆಗಾಲ ನೋಡಿ ಹಿಂದಿರುಗಿದರು. ಅವರು ನೆಟ್ಟ ಗೂಟಗಳು ಇನ್ನೂ ಇವೆ. ಹೆಂಗಸರು ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ. ಊರು ನೋಡಬೇಕೆಂದು ಬರುವವರು ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಇಳಿದು, ಹುಲ್ಲುಗುಡ್ಡ ಹತ್ತಿ ಇಳಿದು, ಮಡುವಿನ ಆಚೆ ದಡಕ್ಕೆ ಬರಬೇಕು. ಅಲ್ಲಿ ಅರ್ಧ ನೆಲದಲ್ಲಿ, ಅರ್ಧ ನೀರಿನಲ್ಲಿ ಒಂದು ಕರಿಯ ಬಂಡೆ ಇದೆ. ಅದರ ಮೇಲೆ ಆಳೆತ್ತರದ ಇನ್ನೊಂದು ಕಲ್ಲು ಒರಗಿ ನಿಂತಿದೆ. ಬೆಣಚುಕಲ್ಲಿನಿಂದ ಬಡಿದರೆ ಕಂಚಿನ ದನಿ ಕೊಡುತ್ತದೆ. ತಲೆಮಾರುಗಳ ಬಡಿತಕ್ಕೆ ಕಲ್ಲಿನಲ್ಲಿ ಅಂಗೈಯಷ್ಟು ಗುಳಿ ಬಿದ್ದಿದೆ. ದನಿ ಕೇಳಿದರೆ ಊರ ಕಡೆಯಿಂದ ದೋಣಿ ಹೊರಡುತ್ತದೆ. ದಡಕ್ಕೆ ಕೂಗಳತೆಯಲ್ಲಿ ಅಂಬಿಗ ಹುಟ್ಟು ನಿಲ್ಲಿಸಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು, “ನಮ್ಮ ಮನೆ” ಎಂದು ಕೂಗುತ್ತಾನೆ. ಬಂದವರು ಇದು ಯಾವುದೋ ಹೋಂಸ್ಟೇಯ ಹೆಸರೆಂದು ತಿಳಿಯುತ್ತಾರೆ. ದಿನಕ್ಕೆ ಬಾಡಿಗೆ ಎಷ್ಟೆಂದು ಕೇಳಿದವರೂ ಇದ್ದಾರೆ. ಅಂಬಿಗ ದೋಣಿಯನ್ನು ಬಂಡೆಗೆ ತಾಗಿಸುತ್ತಾನೆ.

ಆ ಬಂಡೆಗೆ ಮೂಕಿಬಂಡೆ ಎಂದು ಹೆಸರು. ನಕ್ಷೆಯಲ್ಲೂ ಹಾಗೆಯೇ ಇದೆ. ಬಂಡೆಯ ಆಕಾರದಲ್ಲಿ ಬಾಯಿಗೆ ಸೆರಗು ಹಿಡಿದ ಹೆಂಗಸು ಕಾಣುತ್ತಾಳೆಂದು ಕೆಲವರು ಫೋಟೋ ತೆಗೆಯುತ್ತಾರೆ. ಬಂಡೆಗೆ ಮುಖವಿಲ್ಲ, ಸೆರಗೂ ಇಲ್ಲ. ಹಿರೇಮಡುವಿನವರು ಮಾತ್ರ ಆ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ‘ಆಚೆ ದಡ’ ಎನ್ನುತ್ತಾರೆ, ಅಷ್ಟೆ. ಅದಕ್ಕೆ ಕಾರಣವಿದೆ.

ಪಾಳೆಯಗಾರರು ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುತ್ತಿದ್ದ ಕಾಲ. ಆಗ ಒಮ್ಮೆ ದಿಬ್ಬಣದ ವೇಷದಲ್ಲಿ ಒಂದು ಗುಂಪು ಆಚೆ ದಡಕ್ಕೆ ಬಂದು ಕಲ್ಲು ಬಡಿಯಿತಂತೆ. ಅಂಬಿಗ ವಾಲಗದ ಸದ್ದು ಕೇಳಿ, ಸಂತೋಷದಿಂದಲೇ ಎಲ್ಲರನ್ನೂ ಕರೆತಂದ. ಸಂಜೆಯ ಹೊತ್ತಿಗೆ ಊರಿನಲ್ಲಿ ಕಾಳು, ಕಂಬಳಿ, ಕಂಚು ಏನೂ ಉಳಿಯಲಿಲ್ಲ. ಅಡ್ಡ ಬಂದವರೂ ಉಳಿಯಲಿಲ್ಲ. ಊರಿಗೆ ಇರುವುದು ಒಂದೇ ಬಾಗಿಲು, ಅದು ನೀರು. ಅದಕ್ಕೆ ಅಗುಳಿ ಬೇಕೆಂದು ಹಿರಿಯರು ಸೇರಿ ಒಂದು ಕಟ್ಟಳೆ ಮಾಡಿದರು. ಅಂಬಿಗ ಕೂಗಳತೆಯಲ್ಲಿ ದೋಣಿ ನಿಲ್ಲಿಸಿ “ಯಾರ ಮನೆ?” ಎಂದು ಕೇಳಬೇಕು. ದಡದಲ್ಲಿರುವವರು ಊರಿನ ಯಾವ ಮನೆಗೆ ಸೇರಿದವರೋ, ಯಾವ ಮನೆಗೆ ಬಂದವರೋ, ಆ ಮನೆಯ ಹೆಸರು ಹೇಳಬೇಕು. ಬಂದವರಿಗೆ ಆ ಮನೆಯವರು ಹೊಣೆ. ಹೆಸರು ಹೇಳದಿದ್ದರೆ ದೋಣಿ ತಿರುಗಬೇಕು. ಕೇಳುವುದು ಒಂದೇ ಸಲ. ಹುಟ್ಟು ಹಿಡಿಯುವ ಪ್ರತಿಯೊಬ್ಬ ಅಂಬಿಗನೂ ಮಡುವಿನಮ್ಮನ ಗುಡಿಯಲ್ಲಿ ನಿಂತು ಈ ಮಾತಿಗೆ ಆಣೆ ಇಡುತ್ತಿದ್ದ.

ಹಲವು ತಲೆಮಾರು ಕಳೆದ ಮೇಲೆ ಹುಟ್ಟು ದ್ಯಾವಯ್ಯ ಎಂಬ ಅಂಬಿಗನ ಕೈಗೆ ಬಂತು. ಗಟ್ಟಿ ಮನುಷ್ಯ. ಕಟ್ಟಳೆಯ ವಿಷಯದಲ್ಲಿ ಊರ ಯಜಮಾನರಿಗಿಂತ ಬಿಗಿ. ಒಂದು ಸಲ ಅವನ ಹೆಂಡತಿ ಮುದ್ದಮ್ಮನ ಅಣ್ಣನೇ ದಡದಲ್ಲಿ ನಿಂತಿದ್ದ. ಬಿಸಿಲು ನಿಚ್ಚಳವಾಗಿತ್ತು. ದ್ಯಾವಯ್ಯ ಯಾರ ಮನೆ ಎಂದ. “ಏನು ಭಾವ, ನನ್ನ ಮುಖ ಕಾಣ್ತಿಲ್ವ?” ಎಂದು ಅವನು ನಕ್ಕ. “ಮುಖ ಕೇಳಲಿಲ್ಲ, ಮನೆ ಕೇಳಿದೆ,” ಎಂದ ದ್ಯಾವಯ್ಯ. ಅವನು ಮನೆಯ ಹೆಸರು ಹೇಳುವ ತನಕ ದೋಣಿ ಅಲುಗಲಿಲ್ಲ. ಊರು ಈ ಮಾತನ್ನು ಬಹಳ ಕಾಲ ಹೇಳಿಕೊಂಡು ನಕ್ಕಿತು. ದ್ಯಾವಯ್ಯನಿಗೆ ಒಬ್ಬಳೇ ಮಗಳು, ಮಂಚಮ್ಮ. ದೋಣಿಯಲ್ಲೇ ಬೆಳೆದವಳು. ಹಲ್ಲು ಬೀಳುವ ವಯಸ್ಸಿನಲ್ಲೇ ದೋಣಿಯ ಮೂತಿಯಲ್ಲಿ ಕೂತು, ಅಪ್ಪನಿಗಿಂತ ಮೊದಲು ಅವಳೇ ಯಾರ ಮನೆ ಎಂದು ಕೂಗುತ್ತಿದ್ದಳು. ಸಂತೆ ಮುಗಿಸಿ ಬಂದವರು “ನಿಮ್ಮನೆ ಅಳಿಯ ಕಣೆ, ಹತ್ತಿಸ್ಕೊ” ಎಂದು ರೇಗಿಸುವರು. “ಸುಳ್ಳು ಹೇಳಿದೋರಿಗೆ ಈಜು ಬರ್ಬೇಕು,” ಎನ್ನುತ್ತಿದ್ದಳು ಅವಳು. ಅವಳ ದನಿ ಗುಡ್ಡಕ್ಕೆ ತಾಗಿ ತಿರುಗಿ ಬರುವಷ್ಟು ದೊಡ್ಡದಿತ್ತು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಅಂಬಿಗರಲ್ಲಿ ಒಂದು ನಂಬಿಕೆಯಿತ್ತು. ನೀರಿನ ಮೇಲೆ ಕೊಟ್ಟ ಮಾತನ್ನು ಕೊಟ್ಟವರು ಮುರಿಯುವಂತಿಲ್ಲ. ಮಾತು ತೆಗೆದುಕೊಂಡವನೇ ಬಾಯಾರೆ ಬಿಡಿಸಬೇಕು. ದೋಣಿಯಲ್ಲಿ ಬೆಳೆದ ಮಂಚಮ್ಮನಿಗೆ ಇದು ಎದೆಹಾಲಿನ ಜೊತೆ ಬಂದದ್ದು. ಅವಳು ಪ್ರಾಯಕ್ಕೆ ಬಂದ ವರ್ಷ ನೀರಿನಿಂದ ಮಡುವಿನಮ್ಮನ ಗುಡಿಗೆ ಮೆಟ್ಟಿಲು ಕಟ್ಟಬೇಕೆಂದು ಊರವರು ಕಲ್ಲು ಕೆಲಸದವರನ್ನು ಕರೆಸಿದರು. ಅವರಲ್ಲಿ ಓಬಳ ಎಂಬವನಿದ್ದ. ಊರಿಲ್ಲ, ಕೇರಿಯಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಕಲ್ಲು ಇದ್ದ ಕಡೆ ಗುಡಿಸಲು, ಕಲ್ಲು ಮುಗಿದರೆ ಮುಂದಿನ ಊರು. ಮೆಟ್ಟಿಲ ಕೆಲಸ ಮುಗಿಯುವ ಹೊತ್ತಿಗೆ ಮಂಚಮ್ಮ ಅವನ ಜೊತೆ ಹೋಗುವುದೆಂದು ತೀರ್ಮಾನಿಸಿದ್ದಳು. ಕದ್ದು ಹೋಗಲಿಲ್ಲ. ಅಪ್ಪನ ಎದುರು ನಿಂತು ಹೇಳಿದಳು. ದ್ಯಾವಯ್ಯ ಜಾತಿ ಎತ್ತಲಿಲ್ಲ, ಕೈ ಎತ್ತಲಿಲ್ಲ. ಓಬಳನ ಕಡೆ ತಿರುಗಿ, ದಡದಲ್ಲಿ ನಿಂತವರನ್ನು ಕೇಳುವ ಹಾಗೆ, ಯಾರ ಮನೆ ಎಂದು ಕೇಳಿದ. ಮನೆ ಕಟ್ಟಿಕೊಂಡವನಲ್ಲ, ಕಟ್ಟಿಕೊಟ್ಟವನು ಎಂದ ಓಬಳ. ದ್ಯಾವಯ್ಯನಿಗೆ ಅದು ಉತ್ತರವಾಗಿ ಕಾಣಲಿಲ್ಲ. ಮನೆಯಿಲ್ಲದವನ ಹಿಂದೆ ಹೋಗುವವಳಿಗೂ ಮನೆಯಿಲ್ಲ ಎಂದ. ಮುದ್ದಮ್ಮ ಅತ್ತಳು, ಕಾಲು ಹಿಡಿದಳು. ಅವನು ಎದ್ದು ಹೋಗಿ ದೋಣಿ ಬಿಚ್ಚಿದ.

ಇಬ್ಬರನ್ನೂ ಅವನೇ ದಾಟಿಸಿದ. ಆಚೆ ದಡದ ಬಂಡೆಗೆ ದೋಣಿ ತಾಗಿದಾಗ ಓಬಳ ತನ್ನ ಉಳಿ ಸುತ್ತಿಗೆಯ ಚೀಲ ಹೊತ್ತು ಇಳಿದ. ಮಂಚಮ್ಮ ಇಳಿಯುವ ಮೊದಲು ದ್ಯಾವಯ್ಯ ಹೇಳಿದ: “ಇನ್ನು ಈ ನೀರಿನ ಮುಂದೆ ನನ್ನ ಮನೆ ಹೆಸರು ನಿನ್ನ ಬಾಯಲ್ಲಿ ಬರಬಾರದು.” ಅವಳು ಅಪ್ಪನ ಮುಖ ನೋಡಿದಳು. “ಬರಲ್ಲ ಅಪ್ಪಯ್ಯ,” ಎಂದಳು. ದೋಣಿಯ ಮೂತಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಇಳಿದಳು. ಅವನು ದೋಣಿ ತಿರುಗಿಸಿದ. ಹಿಂದಿರುಗಿ ನೋಡಿದನೋ ಇಲ್ಲವೋ, ಹೇಳುವವರಿಲ್ಲ. ತಾನು ತೆಗೆದುಕೊಂಡ ಮಾತನ್ನು ಮಾತ್ರ ಮನೆಗೆ ಬಂದು ಮುದ್ದಮ್ಮನಿಗೆ ಹೇಳಿದ.

ವರ್ಷಗಳು ಹೋದವು. ದ್ಯಾವಯ್ಯ ಮೊದಲಿನ ಹಾಗೆಯೇ ಕಟ್ಟಳೆ ನಡೆಸಿದ. ಆದರೆ ಕಲ್ಲಿನ ದನಿ ಕೇಳಿದರೆ ಊಟ ಬಿಟ್ಟು ಏಳುತ್ತಿದ್ದ, ಜ್ವರದಲ್ಲೂ ಹುಟ್ಟನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ ಎನ್ನುತ್ತಾರೆ. ಮುದ್ದಮ್ಮ ಸಂಜೆ ಒಂದೇ ಮಾತು ಕೇಳುವಳು: ಇವತ್ತು ಯಾರು ಬಂದಿದ್ರು? ಅವನು ಬಂದವರ ಮನೆಗಳನ್ನೆಲ್ಲ ಹೇಳುವನು. ಅವಳು ಕೊನೆಯ ಮನೆಯ ತನಕ ಕೇಳಿ ಒಳಗೆ ಹೋಗುವಳು. ಆಚೆ ದಡದ ಕುರಿಗಾಹಿಗಳ ಕೈಯಲ್ಲಿ ಒಂದು ಮಾತು ಹೇಳಿಕಳಿಸಬಹುದಿತ್ತು. ‘ಬಿಡಿಸಿದ್ದೇನೆ, ಬಾ’ ಎಂದರೆ ಮುಗಿಯುತ್ತಿತ್ತು. ಇವತ್ತು ನಾಳೆ ಎಂದು ಅವನು ಕಳಿಸಲಿಲ್ಲ. ಅಷ್ಟರಲ್ಲಿ ಬಯಲುಸೀಮೆಯಲ್ಲೆಲ್ಲೋ ಓಬಳ ಸಿಡಿದ ಕಲ್ಲಿನ ಕೆಳಗೆ ಸಿಕ್ಕಿ ಸತ್ತಿದ್ದ. ಆ ಸುದ್ದಿಯೂ ಊರಿಗೆ ಬಂದಿರಲಿಲ್ಲ.

ಪುಷ್ಯಮಾಸದ ಒಂದು ದಿನ. ಮಡುವಿನಲ್ಲಿ ಪುಷ್ಯದ ಮಂಜು ನಡುಹಗಲಿನಲ್ಲೂ ಕರಗುವುದಿಲ್ಲ. ದೋಣಿಯ ಹಿಂಬದಿಯಲ್ಲಿ ಕೂತವನಿಗೆ ದೋಣಿಯ ಮೂತಿ ಕಾಣುವುದಿಲ್ಲ. ಹುಲ್ಲುಗುಡ್ಡದ ಕುರಿಗಾಹಿಗಳು ಅಂದು ಒಬ್ಬ ಹೆಂಗಸನ್ನು ನೋಡಿದರು. ಬರಿಗಾಲು, ಹರಿದ ಕಂಬಳಿ, ಮೈಯಲ್ಲಿ ಕಾದ ಹೆಂಚಿನಂಥ ಜ್ವರ. ಅಂಬಲಿ ಕೊಟ್ಟರು, ಎರಡು ಗುಟುಕು ಕುಡಿದಳು. ಎಲ್ಲಿಗೆ, ಯಾರ ಪೈಕಿ ಎಂದು ಕೇಳಿದರು. ಅವಳು ನೀರಿನ ಕಡೆ ಕೈ ತೋರಿಸಿದಳು, ಬಾಯಿ ಬಿಡಲಿಲ್ಲ. ಪಾಪ, ಮೂಕಿ ಎಂದುಕೊಂಡು ಅವರು ಕುರಿಗಳ ಹಿಂದೆ ಹೋದರು.

ಕಲ್ಲಿನ ದನಿ ಊರಿಗೆ ಸಣ್ಣಗೆ ಕೇಳಿಸಿತು. ದ್ಯಾವಯ್ಯ ಹೊರಟ. ಕೂಗಳತೆ ಎಂದು ಅಂದಾಜಿಗೆ ತೋರಿದಲ್ಲಿ ಹುಟ್ಟು ನಿಲ್ಲಿಸಿ, “ಯಾರ ಮನೆ?” ಎಂದ. ಉತ್ತರ ಬರಲಿಲ್ಲ. ಕಲ್ಲು ಇನ್ನೊಮ್ಮೆ ದನಿ ಮಾಡಿತು. ದ್ಯಾವಯ್ಯ ಇನ್ನೊಮ್ಮೆ ಕೇಳಿದ. ಕಟ್ಟಳೆಯ ಪ್ರಕಾರ ಕೇಳಬಾರದಿತ್ತು. ಅಷ್ಟು ಬಿಗಿಯಾದ ಮನುಷ್ಯ ಯಾಕೆ ಕೇಳಿದ ಎಂಬುದನ್ನು ಅವರವರೇ ತಿಳಿದುಕೊಳ್ಳಬೇಕು. ಮತ್ತೆ ಕಲ್ಲಿನ ದನಿ, ಮೊದಲಿಗಿಂತ ಮೆಲ್ಲಗೆ. ಮಾತಿಲ್ಲ. ಅಪ್ಪಯ್ಯ ಎಂದೋ ತನ್ನ ಹೆಸರನ್ನೋ ಕೂಗಿದ್ದರೆ ಸಾಕಿತ್ತಲ್ಲ ಎಂದು ಈಗಲೂ ಕೇಳುವವರಿದ್ದಾರೆ. ಹಾಗೆ ಕೂಗಿದರೂ ಅವನ ಮನೆಯನ್ನೇ ಹೇಳಿದ ಹಾಗೆ. ಬೇರೆ ಮನೆಯ ಹೆಸರು ಹೇಳಿದರೆ ಸುಳ್ಳು. ನೀರಿನ ಮೇಲೆ ಸುಳ್ಳಾಡಿದವರನ್ನು ಚಿಕ್ಕಂದಿನಲ್ಲಿ ಬೈಯುತ್ತಿದ್ದವಳೇ ಅವಳು. ಅವಳ ಹತ್ತಿರ ಇದ್ದದ್ದು ಕಲ್ಲೊಂದೇ. ಮಂಜಿನ ಮರೆಯಲ್ಲಿ ಎಷ್ಟು ಜನ ಅಡಗಿದ್ದಾರೋ ಎಂದು ದ್ಯಾವಯ್ಯ ದೋಣಿ ತಿರುಗಿಸಿದ. ಹಿಂದಿನಿಂದ ಕಲ್ಲು ಮತ್ತೆ ದನಿ ಮಾಡಲಿಲ್ಲ.

ಮನೆಗೆ ಬಂದಾಗ ಮುದ್ದಮ್ಮ ರಾಗಿ ಬೀಸುತ್ತಿದ್ದಳು. ಯಾರು ಬಂದಿದ್ರು ಎಂದು ಕೇಳಿದಳು. ಯಾರೋ, ಎರಡು ಸಲ ಕೇಳಿದರೂ ಬಾಯಿ ಬಿಡಲಿಲ್ಲ, ಕಲ್ಲು ಬಡಿದರು ಅಷ್ಟೆ ಎಂದ. ಬೀಸುವ ಕಲ್ಲು ನಿಂತಿತು. ಮುದ್ದಮ್ಮ ತಲೆಯೆತ್ತದೆ ಕೇಳಿದಳು:

“ಬಾಯಿ ಬಿಡಬೇಡ ಅಂತ ನೀನು ಯಾರಿಗೆ ಹೇಳಿದ್ದೆ?”

ದ್ಯಾವಯ್ಯ ಓಡಿದ. ಹುಟ್ಟು ಹಾಕುವ ಸದ್ದಿಗೆ ಕೇರಿಯವರೆಲ್ಲ ದಡಕ್ಕೆ ಬಂದರು. ಮಂಜಿನಲ್ಲಿ ದೋಣಿ ಕಾಣಲಿಲ್ಲ, ದನಿ ಮಾತ್ರ ಕೇಳಿಸಿತು. ದಡದಿಂದ ಬರಬೇಕಾದ ಉತ್ತರವನ್ನು ಅವನೇ ನೀರಿನ ಮೇಲಿಂದ ಕೂಗುತ್ತಿದ್ದ. “ನಮ್ಮ ಮನೆ. ನಮ್ಮ ಮನೆ ಕಣವ್ವ. ನಮ್ಮ ಮನೆ.” ದನಿ ದೂರ ದೂರ ಹೋಯಿತು. ಒಂದು ಹೊತ್ತಿನಲ್ಲಿ ನಿಂತಿತು. ನಿಂತ ಮೇಲೆ ದಡದಲ್ಲಿದ್ದವರು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ ಎನ್ನುತ್ತಾರೆ. ಮಂಚಮ್ಮ ಕಲ್ಲಿಗೆ ಒರಗಿ, ಊರ ಕಡೆ ಮುಖ ಮಾಡಿ ಕೂತಿದ್ದಳು. ಬೆಣಚುಕಲ್ಲು ಮುಷ್ಟಿಯಲ್ಲೇ ಇತ್ತು. ಮೈ ಇನ್ನೂ ಬಿಸಿಯಾಗಿತ್ತೆಂದು ಒಂದು ಮಾತಿದೆ. ಆ ಮಾತನ್ನು ಬೆಳೆಸದಿರುವುದು ಲೇಸು. ಅವನು ಅವಳನ್ನು ದೋಣಿಯ ಮೂತಿಯಲ್ಲಿ, ಅವಳು ಕೂರುತ್ತಿದ್ದ ಜಾಗದಲ್ಲೇ ಮಲಗಿಸಿ ತಂದ. ಓಬಳ ಕಟ್ಟಿದ ಮೆಟ್ಟಿಲಿನ ಮೇಲೆ ಹೊತ್ತು ಹತ್ತಿದ.

ಹದಿನಾಲ್ಕನೆಯ ದಿನ ಊರ ಯಜಮಾನರು ದ್ಯಾವಯ್ಯನನ್ನು ಕರೆಸಿದರು. ಸೂತಕ ಕಳೆದ ಮೊದಲ ದಿನವೇ ಅವನು ಏನೂ ಕೇಳದೆ ಜನರನ್ನು ದಾಟಿಸಿದ್ದ. ಕೇಳುವ ಬದಲು ತಾನೇ ನಮ್ಮ ಮನೆ ಎಂದು ಕೂಗಿದ್ದ. ಆಣೆ ಮುರಿದೆಯಲ್ಲ, ನಾಳೆ ಕಳ್ಳರು ಬಂದರೆ ಯಾರು ಹೊಣೆ ಎಂದು ಅವರು ಗದರಿದರು. “ಬರಲಿ,” ಎಂದ ದ್ಯಾವಯ್ಯ. “ನಮ್ಮ ಮನೆಗೆ ಬಂದೋರು ಅಂತ ಬರಕೊಳ್ಳಿ.” ಹುಟ್ಟು ಕಿತ್ತುಕೊಳ್ಳುವ ಮಾತೂ ಬಂತು. ಆದರೆ ಅಂಬಿಗರಲ್ಲಿ ಬೇರೆ ಯಾರೂ ಹುಟ್ಟಿಗೆ ಕೈ ಚಾಚಲಿಲ್ಲ. ಕಳ್ಳರು ಆಮೇಲೆ ಬಂದರೋ ಇಲ್ಲವೋ, ಐತಿಹ್ಯ ಹೇಳುವುದಿಲ್ಲ. ದ್ಯಾವಯ್ಯ ಸಾಯುವ ತನಕ ಹಾಗೆಯೇ ಕೂಗಿದ. ಅವನ ನಂತರ ಬಂದವರೂ ಹಾಗೆಯೇ ಕೂಗಿದರು. ಯಾಕೆ ಕೂಗಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಹೆಸರು ಬಂದದ್ದು ಆಚೆ ದಡದ ಕುರಿಗಾಹಿಗಳಿಂದ. ಅವರು ಕಂಡದ್ದು ಬಾಯಿ ಬಿಡದ ಹೆಂಗಸನ್ನು. ಅವಳು ಸತ್ತ ಜಾಗವನ್ನು ಮೂಕಿಬಂಡೆ ಎಂದರು. ಹುಲ್ಲುಗುಡ್ಡದಿಂದ ಸಂತೆಗೆ, ಸಂತೆಯಿಂದ ನಕ್ಷೆಗೆ ಹೆಸರು ಹೋಯಿತು. ಅವರ ತಪ್ಪೇನಿಲ್ಲ. ಆದರೆ ಮಂಚಮ್ಮ ಮೂಕಿಯಾಗಿರಲಿಲ್ಲ. ಮೂಕಿಯಾದವಳು ಮುದ್ದಮ್ಮ. ಬೀಸುವ ಕಲ್ಲಿನ ಮುಂದೆ ಕೇಳಿದ ಪ್ರಶ್ನೆಯೇ ಅವಳ ಕೊನೆಯ ಮಾತು. ಆಮೇಲೆ ಬಹಳ ವರ್ಷ ಬದುಕಿದಳು, ಅಡಿಗೆ ಮಾಡಿದಳು, ಗಂಡನಿಗೆ ಬಡಿಸಿದಳು. ಸಂಜೆ ಅವನು, ಅವಳು ಕೇಳದಿದ್ದರೂ, ಬಂದವರ ಲೆಕ್ಕ ಹೇಳುತ್ತಿದ್ದನಂತೆ. ಯಾರ ಮನೆ ಎಂದು ಕೇಳುವುದನ್ನು ಬಿಟ್ಟಿದ್ದರಿಂದ ಅವನಿಗೂ ಮನೆಗಳು ಗೊತ್ತಿರಲಿಲ್ಲ. ಎಲ್ಲರನ್ನೂ ನಮ್ಮ ಮನೆಯವರು ಎನ್ನುತ್ತಿದ್ದ. ಅವಳು ಕೊನೆಯ ತನಕ ಕೇಳಿ ಒಳಗೆ ಹೋಗುತ್ತಿದ್ದಳು.

ಈಗ ಹೋದವರಿಗೆ ಮೆಟ್ಟಿಲುಗಳು ಕಾಣುತ್ತವೆ. ನಡುವೆ ಸವೆದಿವೆ, ಒಂದೂ ಅಲುಗಿಲ್ಲ. ಆಚೆ ದಡದಲ್ಲಿ ಗುಳಿ ಬಿದ್ದ ಕಲ್ಲಿದೆ, ಅದರ ಬುಡದಲ್ಲಿ ಒಂದು ಬೆಣಚುಕಲ್ಲು ಸದಾ ಇರುತ್ತದೆ. ಒಮ್ಮೆ ಬಡಿದರೆ ಸಾಕು, ಮೆಲ್ಲಗೆ ಬಡಿದರೂ ಸಾಕು. ಪುಷ್ಯದ ಮಂಜಿನಲ್ಲಿ ಅಂಬಿಗರು ದನಿ ಕೇಳದಿದ್ದರೂ ಆಗಾಗ ದೋಣಿ ತೆಗೆದುಕೊಂಡು ಆಚೆ ದಡದ ತನಕ ಹೋಗಿ ನೋಡಿ ಬರುತ್ತಾರೆ. ದೋಣಿಯ ಮೂತಿಯಲ್ಲಿ ಯಾರನ್ನೂ ಕೂರಿಸುವುದಿಲ್ಲ. ಜನ ಎಷ್ಟೇ ಇದ್ದರೂ ಆ ಜಾಗ ಖಾಲಿ. ನಮ್ಮ ಮನೆ ಎಂಬ ಕೂಗು ಬಂದಾಗ ಮರುಮಾತು ಹೇಳಬೇಕಾಗಿಲ್ಲ. ಹತ್ತಿ ಕೂತರಾಯಿತು.