ಗುಂಡಿಗೆ ಇಳಿಯುವವನು

ಮಾರ್ಗಶಿರ ಶುದ್ಧ ಪಂಚಮಿ, ಬುಧವಾರ. ಬೆಳಗಿನಿಂದ ಮೋಡ ಮುಚ್ಚಿತ್ತು, ಮಳೆ ಬರಲಿಲ್ಲ.

ಬೇರೆ ಊರಿನಲ್ಲಿ ಪಾಠ ಹೇಳುತ್ತಿದ್ದ ಶಿಷ್ಯನೊಬ್ಬ ಬಂದು ಗುರುಗಳನ್ನು ಕೇಳಿದ: “ನನ್ನಲ್ಲಿ ಕಲಿತವರು ಒಬ್ಬೊಬ್ಬರಾಗಿ ಜಾಣರೇ. ಒಂದೇ ಕೆಲಸಕ್ಕೆ ಇಬ್ಬರನ್ನು ಕಳಿಸಿದರೆ ಕೆಲಸ ಕೆಡುತ್ತದೆ. ಯಾವ ಪಾಠ ಬಿಟ್ಟೆನೋ ತಿಳಿಯುತ್ತಿಲ್ಲ.”

ಗುರುಗಳು ಹೇಳಿದರು:

ಒಬ್ಬ ಮರ ಕೊಯ್ಯುವವನಿದ್ದ. ಗುಂಡಿಯ ಮೇಲೆ ದಿಮ್ಮಿ ಅಡ್ಡ ಇಟ್ಟು, ಉದ್ದನೆಯ ಗರಗಸದಿಂದ ಹಲಗೆ ಸೀಳುವುದು ಅವನ ಕಸುಬು. ಅದಕ್ಕೆ ಇಬ್ಬರು ಬೇಕು. ಮೇಲೆ ನಿಂತವನು ದಿಮ್ಮಿಗೆ ಹಾಕಿದ ಗೆರೆ ನೋಡಿ ಗರಗಸ ನಡೆಸುತ್ತಾನೆ. ಗುಂಡಿಯಲ್ಲಿ ನಿಂತವನಿಗೆ ಗೆರೆ ಕಾಣದು. ಮೇಲಿನವನ ಕೈಯನ್ನು ನಂಬಿ ಎಳೆಯುತ್ತಾನೆ. ಮರದ ಪುಡಿಯೆಲ್ಲ ಅವನ ಕಣ್ಣಿಗೆ.

ಆ ಮರ ಕೊಯ್ಯುವವನಲ್ಲಿ ಕಲಿಯಲು ಇಬ್ಬರು ಬಂದರು. ಒಬ್ಬನಿಗೆ ಬೆಳಿಗ್ಗೆ ಕಲಿಸಿದ, ಇನ್ನೊಬ್ಬನಿಗೆ ಮಧ್ಯಾಹ್ನ. ಇಬ್ಬರನ್ನೂ ಮೇಲೆ ನಿಲ್ಲಿಸಿ ತಾನು ಗುಂಡಿಗಿಳಿದ. ಎಳೆಯರ ಕಣ್ಣು ಹಾಳಾಗಬಾರದೆಂದು ಅವನ ಎಣಿಕೆ. ಎಂಟು ವರ್ಷದಲ್ಲಿ ಇಬ್ಬರ ಗೆರೆಯೂ ಕೂದಲೆಳೆಯಷ್ಟೂ ತಪ್ಪದಂತಾಯಿತು. ಅವನ ಕಣ್ಣು ಮಂಜಾಯಿತು. ಇನ್ನು ಕಸುಬನ್ನು ಇವರ ಕೈಗೆ ಬಿಡಬೇಕೆಂದುಕೊಂಡ.

ಆಗ ದೋಣಿ ಕಟ್ಟುವವನೊಬ್ಬ ದಿಮ್ಮಿ ತಂದ. ಅಷ್ಟುದ್ದದ ಮರ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. “ಹಲಗೆ ನೆಟ್ಟಗೆ ಬರದಿದ್ದರೆ ಮರದ ಬೆಲೆ ನಿನ್ನ ಮೇಲೆ” ಎಂದ. ಮರ ಕೊಯ್ಯುವ ಯಜಮಾನ ಒಪ್ಪಿ, ಇಬ್ಬರನ್ನೂ ಮೊದಲ ಸಲ ಒಟ್ಟಿಗೆ ಕೆಲಸಕ್ಕೆ ಹಚ್ಚಿದ.

ದೊಡ್ಡವನು ಮೇಲೆ ಹತ್ತಿದ. ಚಿಕ್ಕವನು ಗುಂಡಿಗಿಳಿದು, ಕಲಿತದ್ದನ್ನೇ ಮಾಡಿದ. ತಲೆಯೆತ್ತಿ ಗೆರೆ ಹುಡುಕಿದ, ಗರಗಸವನ್ನು ತಾನೇ ತಿರುಗಿಸಿದ.

“ಎಳಿ ಅಂದರೆ ತಿರುವುತ್ತೀಯಲ್ಲೋ, ಮಜ್ಜಿಗೆ ಕಡೆಯುತ್ತಿದ್ದೀಯಾ?” ಎಂದ ಮೇಲಿನವನು.

“ನೀನೇ ಇಳಿದು ಬಾ ಮಾರಾಯ. ನಾಲ್ಕು ಹಿಡಿ ಪುಡಿ ತಿಂದ ಮೇಲೆ ಮಾತಾಡು.”

ಅವನು ಇಳಿದ, ಇವನು ಹತ್ತಿದ. ಆಗಲೂ ಹಾಗೆಯೇ ಆಯಿತು. ತಪ್ಪು ಯಾರದೆಂದು ಇಬ್ಬರಿಗೂ ತಿಳಿಯಲಿಲ್ಲ. ಕಲಿತದ್ದರಲ್ಲಿ ಅವರು ಏನನ್ನೂ ಬಿಟ್ಟಿರಲಿಲ್ಲ. ಸಂಜೆಗೆ ನೋಡಿದರೆ ಗೆರೆಯಿಂದ ಎರಡು ಬೆರಳು ಸೊಟ್ಟ. ಮರ ದೋಣಿಗೆ ಬಾರದಾಯಿತು.

ಯಜಮಾನ ಬಂದು ಕೊಯ್ದ ಜಾಗವನ್ನು ಬೆರಳಿನಿಂದ ಸವರಿದ. “ಕೆಳಗೆ ಯಾರು ನಿಂತಿದ್ದಿರಿ?” ಎಂದ.

“ಇಬ್ಬರೂ ನಿಂತೆವು.”

ಎಂಟು ವರ್ಷ ತಾನೊಬ್ಬನೇ ನಿಂತ ಗುಂಡಿಯನ್ನು ಅವನು ಬಗ್ಗಿ ನೋಡಿದ. ಆಮೇಲೆ, “ನಾಳೆಯಿಂದ ಗುಂಡಿಯ ಕೆಲಸ ಕಲಿಸುತ್ತೇನೆ. ಮೊದಲು ಯಾರು ಇಳಿಯುತ್ತೀರಿ?” ಎಂದು ಕೇಳಿದ. ದೊಡ್ಡವನು ಚಿಕ್ಕವನ ಮುಖ ನೋಡಿದ. ಚಿಕ್ಕವನು ದೊಡ್ಡವನ ಮುಖ ನೋಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಮರದ ಬೆಲೆಗೆ ಯಜಮಾನ ಕೊನೆಗೆ ಏನು ಕೊಟ್ಟ?”

“ಗರಗಸವನ್ನೇ ಕೊಟ್ಟ. ಗುಂಡಿಗೆ ಇಳಿಯುವವರಿಲ್ಲದ ಮನೆಯಲ್ಲಿ ಅದಕ್ಕೇನು ಕೆಲಸ?”